ಸ್ಮಾರ್ಟ್ ಬೋರ್ಡ್ ಕೊಡುವವರು ಸಿಕ್ಕಿದ್ದಾರೆ, ಕೆಟ್ಟಾಗ ಬರುವವರು ಯಾರು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಭಾಗದಿಂದ ಹೋಗಿ ಬೆಂಗಳೂರು, ಮುಂಬೈಯಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳ ಗುಂಪೊಂದಿದೆ. ಶಿರಸಿ, ಸಿದ್ದಾಪುರ, ಕುಮಟಾ ತಾಲ್ಲೂಕುಗಳ 40 ಸರ್ಕಾರಿ ಶಾಲೆಗಳಿಗೆ 65 ಇಂಚಿನ ಸ್ಮಾರ್ಟ್ ಬೋರ್ಡ್ ಕೊಡಿಸುತ್ತೇವೆ, 50 ಲಕ್ಷ ರೂಪಾಯಿ ತನಕ ಹಾಕುತ್ತೇವೆ ಅನ್ನುತ್ತಿದ್ದಾರೆ. ಯೋಜನೆ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಹಿಂದೆ ಬಂದ 10 ಕಂಪ್ಯೂಟರ್‌ಗಳು ನಮ್ಮ ಶಾಲೆಯಲ್ಲೇ ಧೂಳು ತಿನ್ನುತ್ತಿವೆ. ಇದೂ ಹಾಗಾಗದಂತೆ ಏನು ಮಾಡಲಿ? ಆ ಹಳೆಯವನ್ನೇನು ಮಾಡಲಿ?

ಉತ್ತರ: ಮಾಸ್ತರ್ರೇ, ಬೋರ್ಡ್ ಎಷ್ಟು ಇಂಚು, ಎಷ್ಟು ದುಡ್ಡು, ಎಷ್ಟು ಶಾಲೆ ಎಲ್ಲ ಬರೆದಿದ್ದೀರಿ. ಅದರಲ್ಲಿ ಯಾವ ಪಾಠ ಮಾಡುತ್ತಾರೆ, ನಿಂತುಹೋದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಎರಡು ಸಂಗತಿ ಮಾತ್ರ ಇಲ್ಲ. ನಿಮ್ಮ ತಪ್ಪಲ್ಲ. ದಾನಿಗಳು ನಿಮಗೆ ಕೇಳಿದ ಪ್ರಶ್ನೆಯಲ್ಲೇ ಅವು ಇರಲಿಲ್ಲ. ಆದರೆ ನಿಮ್ಮ ಯೋಜನೆ ಶುರುವಾಗಬೇಕಾದ್ದು ಅಲ್ಲಿಂದ. ಖರೀದಿ ಕೊನೆಗೆ ಬರಲಿ.

ಒಂದು ಕಪಾಟಿನ ಕಥೆ ಹೇಳುತ್ತೇನೆ. ಕೆಲ ವರ್ಷದ ಹಿಂದೆ ಘಟ್ಟದ ಬುಡದ ಒಂದು ಶಾಲೆಯಿಂದ ಫೋನ್ ಬಂದಿತ್ತು, ಪ್ರೊಜೆಕ್ಟರ್ ಕೆಟ್ಟಿದೆ ಅಂತ. ಹೋದೆ. ಕಪಾಟಿಗೆ ಬೀಗ. ಬೀಗದ ಕೈ ಇದ್ದದ್ದು ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿದ್ದ ಶಿಕ್ಷಕರ ಮನೆಯಲ್ಲಿ. ಅದು ಬರುವಷ್ಟರಲ್ಲಿ ಮಕ್ಕಳ ಬಿಸಿಯೂಟ ಮುಗಿದಿತ್ತು, ನನ್ನದೂ ಮುಗಿದಿತ್ತು. ತೆಗೆದು ನೋಡಿದರೆ ಪ್ರೊಜೆಕ್ಟರನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಚೀಲದ ಒಳಗೆ ನೀರಿನ ಹನಿ. ಲೆನ್ಸಿನ ಅಂಚಿನಲ್ಲಿ ಜೇಡನ ಬಲೆಯ ಹಾಗೆ ಬೂಷ್ಟು. ರಿಮೋಟಿನ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದೆ. ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಸ್ವಿಚ್ ಹಾಕಿದೆ. ಹೊತ್ತಿತು! ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆ ಅಂತ ತೋರಿಸುತ್ತದೆ. 31 ಗಂಟೆ. ಶಾಲೆಗೆ ಬಂದು ಮೂರು ವರ್ಷವಾಗಿತ್ತು.

ಹಾಗಾದರೆ ಕೆಟ್ಟದ್ದೇನು? ಏನೂ ಇಲ್ಲ. ಹಳೆ ಲ್ಯಾಪ್‌ಟಾಪ್ ಹೋಗಿ ಹೊಸದು ಬಂದಿತ್ತು. ಪ್ರೊಜೆಕ್ಟರಿನದು ಹಳೆ ಕಾಲದ ವಿಜಿಎ ಕೇಬಲ್. ಹೊಸ ಲ್ಯಾಪ್‌ಟಾಪಿಗೆ ಆ ತೂತೇ ಇಲ್ಲ, ಇರುವುದು ಎಚ್‌ಡಿಎಂಐ. ಪೇಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕನ್ವರ್ಟರ್ ಒಂದಿದ್ದರೆ ಸಾಕಿತ್ತು. ಅದನ್ನು ಹೇಳುವವರು ಇರಲಿಲ್ಲ, ಅಷ್ಟೇ. ನಾನು ನೋಡಿದ 'ಕೆಟ್ಟ' ಸಾಮಾನುಗಳಲ್ಲಿ ಬಹುಪಾಲು ಇಂಥವೇ. ಕೇಬಲ್ ಸಡಿಲ, ಪಾಸ್‌ವರ್ಡ್ ಮರೆತಿದೆ, ಯುಪಿಎಸ್ ಬ್ಯಾಟರಿ ಸತ್ತಿದೆ, ಧ್ವನಿ ಬೇರೆ ಕಡೆ ಹೋಗುತ್ತಿದೆ.

ಈಗ ನಿಮ್ಮ 50 ಲಕ್ಷದ ವಿಷಯ. ಬೋರ್ಡ್ ಒಂದಕ್ಕೆ 1.25 ಲಕ್ಷ ಅಂದರೆ 40ಕ್ಕೆ ಪೂರ್ತಿ 50 ಲಕ್ಷ ಖಾಲಿ. ಎರಡನೇ ದಿನ ಸ್ಟೆಬಿಲೈಸರ್ ಬೇಕು ಅಂದರೆ ಕೈಯಲ್ಲಿ ಒಂದು ರೂಪಾಯಿ ಇಲ್ಲ. ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. 26 ಶಾಲೆಗಳಿಗೆ ದೊಡ್ಡ ಟಿ.ವಿ., ಲ್ಯಾಪ್‌ಟಾಪ್, ಸ್ಪೀಕರ್, ಇನ್ವರ್ಟರ್ ಸೇರಿ ತಲಾ 75 ಸಾವಿರ. ಉಳಿದ 14 ಪುಟ್ಟ ಶಾಲೆಗಳಿಗೆ ಟ್ಯಾಬ್ ಮತ್ತು ಸ್ಪೀಕರ್, ತಲಾ 25 ಸಾವಿರ. ಒಟ್ಟು 23 ಲಕ್ಷ. ಶಾಲೆ ಸುತ್ತಿ ರಿಪೇರಿ ನೋಡಿಕೊಳ್ಳಲು ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಇಬ್ಬರು ಸ್ಥಳೀಯ ಹುಡುಗರನ್ನೋ ಹುಡುಗಿಯರನ್ನೋ ತಿಂಗಳಿಗೆ 18 ಸಾವಿರದ ಮೇಲೆ 3 ವರ್ಷಕ್ಕೆ ಇಟ್ಟುಕೊಂಡರೆ ಹತ್ತಿರಹತ್ತಿರ 13 ಲಕ್ಷ. ವೈರಿಂಗ್, ಅರ್ಥಿಂಗ್‌ಗೆ 4 ಲಕ್ಷ. ಶಿಕ್ಷಕರ ತಯಾರಿಗೆ 4 ಲಕ್ಷ. ಬಾಕಿ 6 ಲಕ್ಷ ಬ್ಯಾಟರಿ, ಬದಲಿ ಸಾಮಾನು, ಪೆಟ್ರೋಲು, ಅಚಾನಕ್ ಖರ್ಚಿಗೆ. ಅಂಕಿ ನನ್ನ ಅಂದಾಜು, ನೀವು ಕೊಟೇಶನ್ ತರಿಸಿ ತಿದ್ದಿಕೊಳ್ಳಿ. ಆದರೆ ಸಾಮಾನಿಗೆ ಅರ್ಧಕ್ಕಿಂತ ಜಾಸ್ತಿ ಹೋಗಬಾರದು ಅನ್ನುವುದನ್ನು ಮಾತ್ರ ಬಿಡಬೇಡಿ.

ದಾನಿಗಳು ಇಲ್ಲೇ ತಕರಾರು ತೆಗೆಯುತ್ತಾರೆ. ಬೋರ್ಡಿನ ಮೇಲೆ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸಲಿಕ್ಕಾಗುವುದಿಲ್ಲವಲ್ಲ! ಅವರಿಗೆ ಊರಿನ ಭಾಷೆಯಲ್ಲೇ ಹೇಳಿ. ತೋಟ ಮಾಡಿದವರ ಮಕ್ಕಳೇ ತಾನೆ ಅವರು? ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು, ಆಮೇಲೆ ಮಳೆ ನಡುವೆ ಹೊಳವು ನೋಡಿಕೊಂಡು ಇನ್ನೊಮ್ಮೆ. ಕೊಳೆ ಬಂದು ಅಡಿಕೆ ಉದುರಿದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಕರೆದು ಏನು ಪ್ರಯೋಜನ? ಆ ಇಬ್ಬರು ಹುಡುಗರ ಸಂಬಳ ಅಂದರೆ ಶಾಲೆಯ ಬೋರ್ಡೋ.

ಇದು ಬರೀ ನನ್ನ ಅನುಭವದ ಮಾತಲ್ಲ. ಪೆರುವಿನಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಯಂತ್ರಗಳನ್ನು ರಾಶಿ ರಾಶಿ ಕೊಟ್ಟರು. 2012ರಲ್ಲಿ ಅಲ್ಲಿನ 319 ಶಾಲೆಗಳ ಅಧ್ಯಯನ ಹೊರಬಂತು. ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ನಮ್ಮ ದೇಶದ ವಡೋದರಾ ನೋಡಿ. ಸರ್ಕಾರ ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ನಾಲ್ಕು ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಅವು ಹೆಚ್ಚಾಗಿ ಸುಮ್ನೆ ಕೂತಿದ್ದವು. ಶಿಕ್ಷಣದ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಅವನ್ನೇ ಬಳಸಿ 4ನೇ ತರಗತಿ ಮಕ್ಕಳಿಗೆ ವಾರಕ್ಕೆ 2 ಗಂಟೆ ಗಣಿತದ ಆಟ ಆಡಿಸಿತು. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು ನೋಡಿದಾಗ ಗಣಿತ ಚೆನ್ನಾಗಿಯೇ ಸುಧಾರಿಸಿತ್ತು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಆ ಲಾಭದ ಬಹುಪಾಲು ಕರಗಿತ್ತು ಅನ್ನುವುದನ್ನೂ ಅವರೇ ಬರೆದಿದ್ದಾರೆ. ಗುಜರಾತಿನಲ್ಲೇ ಲೀ ಲಿಂಡೆನ್ ಮಾಡಿದ ಇನ್ನೊಂದು ಅಧ್ಯಯನದ ಫಲಿತಾಂಶ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಶಿಕ್ಷಕರ ಪಾಠದ ಸಮಯ ಕಿತ್ತುಕೊಂಡು ಕಂಪ್ಯೂಟರ್ ಮುಂದೆ ಕೂರಿಸಿದ ಮಕ್ಕಳು ಹಿಂದೆ ಬಿದ್ದರು. ಪಾಠದ ಜೊತೆಗೆ ಹೆಚ್ಚುವರಿಯಾಗಿ ಕೂರಿಸಿದ ಮಕ್ಕಳು ಮುಂದೆ ಹೋದರು. ಸಾಫ್ಟ್‌ವೇರ್ ಒಂದೇ!

ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲೇ ಐಟಿ@ಸ್ಕೂಲ್ ಅನ್ನುವ ಶಾಲಾ ಕಂಪ್ಯೂಟರ್ ಯೋಜನೆ ಶುರು ಮಾಡಿ, ಹೊರಗಿನ ಬೋಧಕರನ್ನು ನಂಬದೆ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿದರು. ಯಾರು ಬೇಕಾದರೂ ಬಳಸಬಹುದಾದ ಸ್ವತಂತ್ರ ತಂತ್ರಾಂಶ ಬಳಸಿದ್ದರಿಂದ ಲೈಸೆನ್ಸಿನ ಖರ್ಚಿಲ್ಲ. ಮುಂದೆ ಅದೇ ಕೈಟ್ ಅನ್ನುವ ಸರ್ಕಾರಿ ಕಂಪನಿ ಆಯಿತು, 45,000 ತರಗತಿಗಳಿಗೆ ಸಲಕರಣೆ ಹಾಕಿತು. 2018ರಿಂದ ಪ್ರೌಢಶಾಲೆಗಳಲ್ಲಿ ಶಾಲೆಯ ಸಲಕರಣೆ ನೋಡಿಕೊಳ್ಳಲು ನೆರವಾಗುವ 'ಲಿಟಲ್ ಕೈಟ್ಸ್' ಅನ್ನುವ ಮಕ್ಕಳ ತಂಡಗಳಿವೆ. ನಮ್ಮ ಕಡೆ ಹಿಂದೆ ಕಂಪ್ಯೂಟರ್ ಲ್ಯಾಬುಗಳನ್ನು ಐದು ವರ್ಷದ ಗುತ್ತಿಗೆಗೆ ಕೊಟ್ಟಿದ್ದು ನಿಮಗೂ ನೆನಪಿರಬೇಕು. ಗುತ್ತಿಗೆ ಮುಗಿಯಿತು, ಬೋಧಕರು ಹೋದರು, ಕಂಪ್ಯೂಟರ್ ಉಳಿಯಿತು. ನಿಮ್ಮ ಆ ಹತ್ತರ ಹಿಂದೆಯೂ ಇಂಥದ್ದೇ ಕಥೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಮೊದಲ ಕೆಲಸ, 40 ಶಾಲೆಗಳಿಗೂ ಹೋಗಿಬರುವುದು. ಫಾರ್ಮ್ ಕಳಿಸಿ ತುಂಬಿಸಿಕೊಂಡರೆ ಆಗದು. 'ಕರೆಂಟ್ ಇದೆಯೇ' ಅಂತ ಕೇಳಿದರೆ ಎಲ್ಲರೂ 'ಇದೆ' ಅಂತ ಬರೆಯುತ್ತಾರೆ. ಜುಲೈ ತಿಂಗಳಲ್ಲಿ ಶಾಲೆ ನಡೆಯುವ ಹೊತ್ತಿಗೆ ಎಷ್ಟು ದಿನ ಇತ್ತು ಅಂತ ಕೇಳಬೇಕು. ಹತ್ತಿರದ ಸಿಆರ್‌ಪಿಯವರನ್ನು (ಒಂದು ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪನ್ನು ನೋಡಿಕೊಳ್ಳುವವರು) ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಪ್ರತಿ ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಗೊತ್ತಿರುತ್ತದೆ. ಇನ್ನೊಂದು ಸಿಕ್ಕು ನಿಮ್ಮಲ್ಲೇ ಇದೆ. ಶಿರಸಿ, ಸಿದ್ದಾಪುರ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ, ಕುಮಟಾ ಕಾರವಾರಕ್ಕೆ. ಅಂದರೆ ಇಬ್ಬರು ಡಿಡಿಪಿಐ (ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು), ಮೂವರು ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು). ಒಪ್ಪಿಗೆ ಪತ್ರ ಎರಡೂ ಕಡೆಯಿಂದ ಬೇಕು. ಕುಮಟಾದ ಡಯಟ್‌ನವರನ್ನು (ಶಿಕ್ಷಕರ ತರಬೇತಿ ಸಂಸ್ಥೆಯವರನ್ನು) ತರಬೇತಿಯ ಮಾತುಕತೆಗೆ ಮೊದಲೇ ಸೇರಿಸಿಕೊಳ್ಳಿ, ಕೊನೆಗೆ ಉದ್ಘಾಟನೆಗೆ ಕರೆದರೆ ಅವರಾದರೂ ಏನು ಮಾಡಿಯಾರು?

ಎಲ್ಲ ಶಾಲೆಗೂ ಒಂದೇ ಸಾಮಾನು ಬೇಡ ಅಂತಲೇ ಮೇಲೆ ಎರಡು ಥರ ಹಂಚಿದೆ. ಯಾಕೆ ಅಂದರೆ, ಯಲ್ಲಾಪುರ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. 14 ಮಕ್ಕಳು, ಒಬ್ಬರೇ ಅಕ್ಕೋರು (ಶಿಕ್ಷಕಿ). ನಲಿ-ಕಲಿ (ಚಟುವಟಿಕೆ ಮಾಡುತ್ತ ಕಲಿಯುವ ಪದ್ಧತಿ) ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕಾರ್ಡ್ ಹಿಡಿದು ಕೂತಿದ್ದರು. ಮೂಲೆಯಲ್ಲಿ 4ನೇ ತರಗತಿಯ ಹುಡುಗಿ, ಮನೆಮಾತು ಕೊಂಕಣಿ, ಕನ್ನಡ ಓದಲು ಸಂಕೋಚ. ಅಕ್ಕೋರು ತಮ್ಮ ಫೋನಿನಲ್ಲಿ ಅವಳು ಓದಿದ್ದನ್ನು ರೆಕಾರ್ಡ್ ಮಾಡಿ ಪುಟ್ಟ ಸ್ಪೀಕರಿನಲ್ಲಿ ಹಾಕಿದರು. ಹುಡುಗಿ ತನ್ನ ದನಿ ಕೇಳಿ ಮೊದಲು ಮುಖ ಮುಚ್ಚಿಕೊಂಡಳು. ಆಮೇಲೆ 'ಇನ್ನೊಂದ್ಸಲ ಓದ್ತೆ' ಅಂದಳು. ಮೂರನೇ ಸಲ ಅಲ್ಪಪ್ರಾಣ ಮಹಾಪ್ರಾಣ ಅವಳೇ ತಿದ್ದಿಕೊಂಡಳು. ಅಷ್ಟು ಹೊತ್ತು ಅಕ್ಕೋರು ಉಳಿದ 13 ಮಕ್ಕಳ ಜೊತೆ ಇದ್ದರು. ಆ ಕೋಣೆಗೆ 65 ಇಂಚಿನ ಬೋರ್ಡ್ ತಂದು ನೇತುಹಾಕಿದರೆ ಎಲ್ಲ ಮಕ್ಕಳೂ ಒಂದೇ ಕಡೆ ತಿರುಗಿ ಕೂರಬೇಕಾಗುತ್ತದೆ. ಇರುವ ಒಳ್ಳೆಯ ಪದ್ಧತಿಯನ್ನು ನಾವೇ ಕೆಡಿಸಿದ ಹಾಗಾಗುತ್ತದೆ.

ನಿಮ್ಮಂಥ ಪ್ರೌಢಶಾಲೆಯಲ್ಲಿ ದೊಡ್ಡ ಪರದೆ ಬೇಕು ನಿಜ. ಆದರೆ ನನ್ನದೊಂದು ಹಟ ಇದೆ. ಬ್ಯಾಟರಿ, ಬಲ್ಬು, ತಂತಿಯಲ್ಲಿ ಮಾಡಿ ತೋರಿಸಬಹುದಾದ್ದನ್ನು ಪರದೆಯಲ್ಲಿ ತೋರಿಸಬೇಡಿ. ತಂತಿಯೊಳಗೆ ವಿದ್ಯುತ್ ಹರಿಯುವುದು, ಅನಿಲದ ಕಣಗಳು ಡಿಕ್ಕಿ ಹೊಡೆಯುವುದು ಇಂಥ ಕಣ್ಣಿಗೆ ಕಾಣದ್ದಕ್ಕೆ ಪರದೆ ಇರಲಿ. ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ ಅನ್ನುವ, ಪರದೆಯ ಮೇಲೆ ಮಾಡುವ ಪ್ರಯೋಗಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಹಲವು ಕನ್ನಡದಲ್ಲೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಗಣಿತದವರಿಗೆ ಆಕೃತಿ ಬಿಡಿಸಿ ತೋರಿಸುವ ಜಿಯೋಜೀಬ್ರಾ ತಂತ್ರಾಂಶ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಸಿಗುವ ವಿಡಿಯೊಗಳನ್ನೂ ನೆಟ್‌ವರ್ಕ್ ಇರುವ ಕಡೆ ಇಳಿಸಿಕೊಂಡು ಒಯ್ಯಬಹುದು.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ನಮ್ಮ ಮಕ್ಕಳು ಗುಡ್ಡ ಹತ್ತಿ ಕೊಡೆ ಹಿಡಿದು ಕೂತದ್ದನ್ನು ನೀವೂ ಕಂಡವರೇ. ಇಂಟರ್ನೆಟ್ ಇಲ್ಲದಿದ್ದರೂ ಪಾಠ ನಡೆಯಬೇಕು, ಇದ್ದರೆ ಲಾಭ ಅಂತಲೇ ಯೋಜನೆ ಬರೆಯಿರಿ. ಹಳೆ ಲ್ಯಾಪ್‌ಟಾಪ್ ಒಂದಕ್ಕೆ ಕೊಲಿಬ್ರಿ ಅನ್ನುವ, ಇಂಟರ್ನೆಟ್ ಇಲ್ಲದೆ ಪಾಠ ತೋರಿಸುವ ತಂತ್ರಾಂಶ ಹಾಕಿ ಬೇಕಾದ ವಿಡಿಯೊ, ಅಭ್ಯಾಸಗಳನ್ನು ತುಂಬಿ, ಪಕ್ಕದಲ್ಲಿ ವೈಫೈ ರೂಟರ್ ಇಟ್ಟರೆ ಶಾಲೆಯೊಳಗೇ ಒಂದು ಪುಟ್ಟ ಇಂಟರ್ನೆಟ್ ಆಗುತ್ತದೆ. ಹೊಸದನ್ನು ತುಂಬಿಸಿಕೊಳ್ಳಲು ತಿಂಗಳಿಗೊಮ್ಮೆ ಹುಡುಗರು ಪೆನ್‌ಡ್ರೈವ್ ತಂದರೆ ಸಾಕು.

ಮಳೆ, ಸಿಡಿಲು, ಉಪ್ಪುಗಾಳಿ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಬೇರೆ ಊರಿನ ಯೋಜನೆ ನಕಲು ಮಾಡಿದರೆ ಇದೇ ತಪ್ಪಿಹೋಗುವುದು. ಸಾಮಾನು ತರುವ ಮೊದಲು ಅರ್ಥಿಂಗ್ ಅಳೆಯಿಸಿ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರುಸಾಗುತ್ತದೆ, ಆಗ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ. ಗುಂಡಿಗೆ ನೀರು ಹಾಕಬೇಕು. ಸಿಡಿಲು ಜಾಸ್ತಿ ಬೀಳುವುದೂ ಮುಂಗಾರಿನ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರಿನಲ್ಲಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ಜೊತೆಗೆ ತಂತಿಯಲ್ಲಿ ಬರುವ ಫೋನ್, ಇಂಟರ್ನೆಟ್ ಲೈನ್ ಕೂಡ. ಬೇಸಿಗೆ ರಜೆಗೆ ಹೋಗುವ ದಿನ ಎಲ್ಲ ಪ್ಲಗ್ ಕಿತ್ತಿದ್ದೇವೆ ಅಂತ ಪುಸ್ತಕದಲ್ಲಿ ಸಹಿ ಹಾಕಿಸಿ. ಕುಮಟಾದ ಕಡಲ ಬದಿ ಶಾಲೆಗಳಲ್ಲಿ ಗೋಡೆಗೆ ಹಾಕುವ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಮಳೆಗಾಲದಲ್ಲಿ ಸಾಮಾನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುವುದಕ್ಕಿಂತ ದಿನಾ ಅರ್ಧ ಗಂಟೆ ಓಡಿಸುವುದು ಒಳ್ಳೆಯದು, ಅದರ ಬಿಸಿಗೇ ತೇವ ಹೋಗುತ್ತದೆ. ಬೋರ್ಡಿನ ಬದಲು ಟಿ.ವಿ. ಅಂದದ್ದಕ್ಕೆ ಕರೆಂಟಿನ ಕಾರಣವೂ ಇದೆ. ಟಿ.ವಿ., ಲ್ಯಾಪ್‌ಟಾಪ್, ಸ್ಪೀಕರ್, ರೂಟರ್ ಎಲ್ಲ ಸೇರಿ 200 ವ್ಯಾಟ್ ಒಳಗೇ ಇರುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಅದನ್ನು ನಾಲ್ಕೈದು ಗಂಟೆ ಎಳೆಯುತ್ತದೆ. ಒಂದು ದಿನದ ಪಾಠಕ್ಕೆ ಧಾರಾಳ.

ಬದಲಿ ಸಾಮಾನನ್ನು ಎರಡು ಕಡೆ ಇಡಿ. ದೇವಿಮನೆ ಘಟ್ಟದ ರಸ್ತೆ ಮಳೆಯಲ್ಲಿ ಕೈಕೊಟ್ಟರೆ ಶಿರಸಿಯಲ್ಲಿರುವ ಕೇಬಲ್ ಕುಮಟಾಕ್ಕೆ ಇಳಿಯುವುದಿಲ್ಲ. ಒಬ್ಬ ಹುಡುಗ ಘಟ್ಟದ ಮೇಲಿನವನಾಗಿರಲಿ, ಇನ್ನೊಬ್ಬ ಕೆಳಗಿನವನಾಗಿರಲಿ. ದೂರು ಬಂದ ದಿನವೇ ಫೋನಿನಲ್ಲಿ ಮಾತು, ಮೂರು ಶಾಲಾ ದಿನದೊಳಗೆ ಭೇಟಿ, ರಿಪೇರಿ ಆಗದಿದ್ದರೆ ಬದಲಿ ಸಾಮಾನು ಇಟ್ಟು ಬರುವುದು. ಈ ಮೂರು ಮಾತನ್ನು ಒಂದು ಕಾಗದದಲ್ಲಿ ಬರೆದು ಪ್ರತಿ ಟಿ.ವಿ.ಯ ಪಕ್ಕ ಅಂಟಿಸಿ, ಫೋನ್ ನಂಬರ್ ಸಮೇತ.

ಶಿಕ್ಷಕರ ತಯಾರಿ ಅಂದರೆ ಪೇಟೆಯ ಸಭಾಂಗಣದಲ್ಲಿ ಒಂದು ದಿನದ ಕಾರ್ಯಾಗಾರ, ಊಟ, ಸರ್ಟಿಫಿಕೇಟು ಅಂತಾಗಿದೆ. ಅದರಿಂದ ಏನೂ ಉಳಿಯುವುದಿಲ್ಲ. ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆ ಹೇಗೂ ನಡೆಯುತ್ತದೆ. ಅದರಲ್ಲಿ ಒಂದು ಗಂಟೆ ಕೇಳಿ ಪಡೆಯಿರಿ. ಒಬ್ಬರು ತಾವು ಆ ತಿಂಗಳು ಮಾಡಿದ ಒಂದು ಪಾಠವನ್ನು ಹಾಗೇ ಮಾಡಿ ತೋರಿಸಲಿ, ಕೈಕೊಟ್ಟದ್ದನ್ನೂ ಸೇರಿಸಿ. ನಾನು ಕಂಡ ಒಂದು ತರಗತಿಯಲ್ಲಿ ವಿಡಿಯೊ ಶುರುವಾಗಲು 17 ನಿಮಿಷ ಹಿಡಿಯಿತು. ಮಾಸ್ತರು ಬೆವರಿ ಹೋದರು. ಆಮೇಲೆ ಅವರು ಆ ಟಿ.ವಿ. ಮುಟ್ಟಲಿಲ್ಲ. ಅದು ಸೋಮಾರಿತನವಲ್ಲ, ಮಕ್ಕಳೆದುರು ಮರ್ಯಾದೆಯ ಪ್ರಶ್ನೆ. ಅಂಥವರ ಪಕ್ಕ ಮೊದಲ ನಾಲ್ಕೈದು ಪಾಠಕ್ಕೆ ಒಬ್ಬರು ಸುಮ್ನೆ ಕೂತಿದ್ದರೂ ಸಾಕು. ಪ್ರತಿ ಶಾಲೆಯಲ್ಲಿ ಇಬ್ಬರನ್ನು ತಯಾರು ಮಾಡಿ, ವರ್ಗಾವಣೆ ಕೌನ್ಸೆಲಿಂಗ್ ಬಂದಾಗ ಕಲಿತವರೇ ಹೊರಟುಬಿಡುತ್ತಾರೆ. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಎರಡನೆಯವರು ಎಲ್ಲಿಂದ ಬರಬೇಕು? ಅಲ್ಲಿ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಯಾರಾದರೂ ಯುವ ಪಾಲಕರಿಗೆ ಕಲಿಸಿ. ಇನ್ನೊಂದು ಸಣ್ಣ ಕೆಲಸ, ಎಲ್ಲರಿಗೂ ಯಾವ ಫೋನಿನಲ್ಲಿ ತೆರೆದರೂ ಸರಿಯಾಗಿ ಕಾಣುವ ಯುನಿಕೋಡ್ ಟೈಪಿಂಗ್ ಅಭ್ಯಾಸ ಮಾಡಿಸಿ. ಹಳೆ ನುಡಿ ಫಾಂಟಿನ ಪ್ರಶ್ನೆಪತ್ರಿಕೆ ಬೇರೆ ಫೋನಿನಲ್ಲಿ ತೆರೆದರೆ ಇರುವೆ ಹರಿದ ಹಾಗೆ ಕಾಣುತ್ತದೆ. ಅದೊಂದರಿಂದಲೇ ಎಷ್ಟೋ ಜನ ಕಂಪ್ಯೂಟರಿನ ಮೇಲೆ ಬೇಸರ ಮಾಡಿಕೊಂಡಿದ್ದಾರೆ.

ದಾನಿಗಳು ವರದಿ ಕೇಳುತ್ತಾರೆ. 'ಎಷ್ಟು ಗಂಟೆ ಬಳಕೆ' ಅಂತ ಲೆಕ್ಕ ಕೊಡಬೇಡಿ, ಟಿ.ವಿ. ಹಚ್ಚಿಟ್ಟರೂ ಗಂಟೆ ಏರುತ್ತದೆ. ಪ್ರತಿ ಶಾಲೆಗೆ 100 ಪುಟದ ಒಂದು ನೋಟ್‌ಬುಕ್ ಕೊಡಿ. ದಿನಾಂಕ, ಯಾವ ಪಾಠ, ಏನು ಕೈಕೊಟ್ಟಿತು. ಅಷ್ಟೇ ಮೂರು ಕಾಲಮ್. ಮಕ್ಕಳ ಹೆಸರು, ಫೋಟೊ, ಅಂಕ ಹಾಕುವ ಆ್ಯಪ್ ಯಾರಾದರೂ ಪುಕ್ಕಟೆ ಕೊಡುತ್ತೇವೆ ಅಂದರೆ ಮಾತ್ರ ಹಿಂದೆ ಸರಿಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಪಾಲಕರ ಒಪ್ಪಿಗೆಯ ವಿಷಯ ಅದರಲ್ಲಿದೆ. ಬಿಇಒ ಕಚೇರಿಯನ್ನು ಕೇಳದೆ ಏನೂ ತುಂಬಬೇಡಿ.

ಸಮಯ? ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಉದ್ಘಾಟನೆ ಅಂತ ಅವಸರ ಮಾಡುತ್ತಾರೆ, ಒಪ್ಪಬೇಡಿ. ಮಳೆಗಾಲವೆಲ್ಲ ಶಾಲೆ ಸುತ್ತುವುದಕ್ಕೆ, ಇಬ್ಬರು ಹುಡುಗರನ್ನು ಹುಡುಕುವುದಕ್ಕೆ, ಶಿಕ್ಷಕರ ಫೋನಿನಲ್ಲೇ ಪಾಠ ಅಭ್ಯಾಸಕ್ಕೆ ಇರಲಿ. ದಸರಾ ರಜೆಯಲ್ಲಿ ವೈರಿಂಗ್. ದೀಪಾವಳಿ ಕಳೆದ ಮೇಲೆ 12 ಶಾಲೆಗೆ ಮಾತ್ರ ಸಾಮಾನು, ಘಟ್ಟದ ಮೇಲೆ 8, ಕೆಳಗೆ 4. ಉಳಿದ 28ಕ್ಕೆ ಮುಂದಿನ ವರ್ಷ, ಈ 12ರ ನೋಟ್‌ಬುಕ್ ಓದಿದ ಮೇಲೆ. ಮೂರು ವರ್ಷದ ನಂತರ ಆ ಇಬ್ಬರ ಸಂಬಳ ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲ ವರ್ಷವೇ ಪಂಚಾಯಿತಿ, ಎಸ್‌ಡಿಎಂಸಿಗಳ ಜೊತೆ ಕೂತು ಬರೆದಿಟ್ಟುಕೊಳ್ಳಿ. ನಿಮ್ಮ ಯೋಜನೆಯಲ್ಲಿ ಕಷ್ಟದ ಪುಟ ಅದೇ. ನನ್ನ ಹತ್ತಿರವೂ ಅದಕ್ಕೆ ಸುಲಭದ ಉತ್ತರವಿಲ್ಲ.

ಇನ್ನು ಆ ಹತ್ತು ಕಂಪ್ಯೂಟರ್. ಆನ್ ಮಾಡಿದಾಗ ದಿನಾಂಕ ತಪ್ಪು ತೋರಿಸಿ ನಿಂತರೆ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದೆ ಅಂತ ಅರ್ಥ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬೀಪ್ ಬೀಪ್ ಅಂದು ಪರದೆ ಕಪ್ಪಾಗಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹಾಕಿ. ನಮ್ಮ ತೇವಕ್ಕೆ ಅಲ್ಲಿ ಕಿಲುಬು ಕೂರುತ್ತದೆ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ಎದ್ದವಕ್ಕೆಲ್ಲ ವಿಂಡೋಸ್ ಬದಲು ಪುಕ್ಕಟೆ ಸಿಗುವ ಹಗುರವಾದ ಲಿನಕ್ಸ್ ಹಾಕಿ. ಏಳದವನ್ನು ಗುಜರಿಗೆ ಕೊಡಬೇಡಿ. ಸ್ಟಾಕ್ ರಿಜಿಸ್ಟರಿನಲ್ಲಿ ಇರುವ ತನಕ ಅವು ಶಾಲೆಯ ಆಸ್ತಿ. ಮೇಲಿನವರ ಆದೇಶ ಪಡೆದು, ಬರೆದು ತೆಗೆದು, ಅಧಿಕೃತ ಇ-ತ್ಯಾಜ್ಯದವರಿಗೇ ಒಪ್ಪಿಸಬೇಕು. ಆದೇಶ ಬರುವವರೆಗೆ ಏಳದ ಕಂಪ್ಯೂಟರಿನ ಒಂದು ಡಬ್ಬ 9ನೇ ತರಗತಿ ಮಕ್ಕಳ ಮೇಜಿನ ಮೇಲಿರಲಿ. ಬಿಚ್ಚಿ, ನೋಡಿ, ಪುನಃ ಜೋಡಿಸಲಿ, ಒಂದು ಸ್ಕ್ರೂ ಕೂಡ ಕಳೆಯದ ಹಾಗೆ. ಪವರ್ ಸಪ್ಲೈ ಡಬ್ಬಿಯನ್ನೂ ಹಳೆ ದಪ್ಪ ಮಾನಿಟರನ್ನೂ ಮಾತ್ರ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ನಿಂತಿರುತ್ತದೆ. ಹತ್ತರಲ್ಲಿ ಎಷ್ಟು ಎದ್ದವು ಅಂತ ಬರೆಯಿರಿ. ನಿಮ್ಮ ದಾನಿಗಳಿಗೆ ಕಳಿಸುವ ಪತ್ರದ ಮೊದಲ ಸಾಲಿಗೆ ಆ ಅಂಕಿಯನ್ನೇ ಹಾಕೋಣ.